ಹತ್ತು ನಿಮಿಷಗಳ ಬೇಡಿಕೆ

ಬೆಂಗಳೂರಿನ ಬಸವನಗುಡಿಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಎಂಬ ಸಂಸ್ಥೆಯ ಪುಸ್ತಕ ಭಂಡಾರವನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. 1945ರಲ್ಲಿ ಅದನ್ನು ಸ್ಥಾಪಿಸಿದ ಬಿ. ಪಿ. ವಾಡಿಯಾ ಅವರನ್ನು ಬ್ರಹ್ಮವಿದ್ಯೆಯ ಪಂಡಿತರೆಂದು ಬಲ್ಲವರೇ ಹೆಚ್ಚು. ಕೂಲಿಗಾರರ ಮುಖಂಡರಾಗಿದ್ದ ಅವರ ಪೂರ್ವವೃತ್ತಾಂತವನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ವಾಡಿಯಾ ಅವರು 1881ರಲ್ಲಿ ಮುಂಬಯಿಯ ಪಾರಸಿ ಕುಟುಂಬದಲ್ಲಿ ಜನಿಸಿದರು. ಮದರಾಸಿನ ಅಡಿಯಾರಿಗೆ ಬಂದು ಆನಿ ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಯಲ್ಲಿ ದುಡಿದರು. 1917ರಲ್ಲಿ ಆಕೆಯೊಡನೆ ಉದಕಮಂಡಲದಲ್ಲಿ ನಿರ್ಬಂಧಕ್ಕೂ ಒಳಗಾದರು.

1918ರಲ್ಲಿ ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯ್ಡು ಎಂಬಿಬ್ಬರು ಆ ಪತ್ರಿಕೆಯ ಕಚೇರಿಗೆ ಬಂದರು. ಇವರು ಪೆರಂಬೂರಿನ ಬಕ್ಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕೂಲಿಗಾರರನ್ನು ಬಲ್ಲವರು. ಗಿರಣಿಯವರ ದೂರುಗಳು ಹಲವಿದ್ದವು, ಅವುಗಳಲ್ಲೊಂದು ಊಟದ್ದು. ನಡುಹಗಲಿನ ಬಿಡುವು ಅರ್ಧ ಗಂಟೆ. ಅಷ್ಟರಲ್ಲಿ ಹೊರಗೆ ಬಂದು, ಕೈ ತೊಳೆದು, ಬುತ್ತಿಯನ್ನುಂಡು, ಮತ್ತೆ ಒಳಗೆ ಸೇರಬೇಕು. ಮನೆಯಾಕೆ ನಸುಕಿನಲ್ಲೆದ್ದು ಬೇಯಿಸಿದ ಅನ್ನವನ್ನು ಅಗಿಯದೆ ನುಂಗುವ ದುರವಸ್ಥೆ ಎಂತಹುದೆಂಬುದನ್ನು ಗೃಹಸ್ಥರಿಗೆ ನಾವು ವಿವರಿಸಬೇಕಾಗಿಲ್ಲ. ಉಣ್ಣುವವನನ್ನು ಎಬ್ಬಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗಿರಣಿಯ ಗಂಟೆಗೆ ಆ ದಾಕ್ಷಿಣ್ಯವೆಲ್ಲಿಯದು?

1918ರ ಏಪ್ರಿಲ್ 27ರಂದು ಮದರಾಸ್ ಕೂಲಿಗಾರರ ಸಂಘವು ಹುಟ್ಟಿತು. ವಾಡಿಯಾ ಅವರೇ ಅಧ್ಯಕ್ಷರು. ಮೂವತ್ತು ನಿಮಿಷಗಳ ಬಿಡುವನ್ನು ನಲವತ್ತಕ್ಕೆ ಏರಿಸಬೇಕೆಂಬುದು ಅದರ ಮೊದಲ ಬೇಡಿಕೆಗಳಲ್ಲೊಂದು. ಹತ್ತೇ ನಿಮಿಷ! ವಾಡಿಯಾ ಅವರು 1919ರಲ್ಲಿ ವಾಷಿಂಗ್‌ಟನ್ನಿನಲ್ಲಿ ನೆರೆದ ಪ್ರಥಮ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೂ ಹೋಗಿ ಬಂದರು.

1920ರಲ್ಲಿ ಗಿರಣಿಯಲ್ಲಿ ಕಲಹವೆದ್ದು ಬಾಗಿಲು ಮುಚ್ಚಿತು. ಆಳುಗಳು ಕರಾರು ಮುರಿಯುವಂತೆ ಪ್ರೇರಿಸಿದರೆಂದು ಕಂಪನಿಯವರು ವಾಡಿಯಾ ಮೊದಲಾದವರ ಮೇಲೆ ಮದರಾಸ್ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದರು. ಸಂಘಗಳನ್ನು ಕಾಯುವ ಕಾನೂನು ಆಗ ಇರಲಿಲ್ಲ. ಕಡೆಗೆ ನಡೆದ ರಾಜಿಯಲ್ಲಿ ವಾಡಿಯಾ ಅವರು ಸಂಘದ ಸಂಬಂಧವನ್ನೇ ಕಡಿದುಕೊಳ್ಳಬೇಕಾಯಿತು. ಕಷ್ಟಕಾಲದಲ್ಲಿ ಕೈಬಿಟ್ಟರೆಂದು ಆಕ್ಷೇಪಿಸುವುದು ಸುಲಭ. ಆದರೆ ಹಸಿದ ಸಂಸಾರಗಳನ್ನು ಮುಂದಿಟ್ಟುಕೊಂಡು ವ್ಯಾಜ್ಯವನ್ನು ಬೆಳೆಸುವುದು ಧರ್ಮವಾಗುತ್ತಿತ್ತೇ? ಆಗುತ್ತಿರಲಿಲ್ಲವೆಂದೇ ನಮ್ಮ ಎಣಿಕೆ. ಆದರೂ ನಾಯಕನನ್ನು ಕಳೆದುಕೊಂಡ ಕೂಲಿಗಾರನ ನೋವು ಸುಳ್ಳಲ್ಲ.

ಈ ಮೊಕದ್ದಮೆಯ ಪಾಠದಿಂದ ಎನ್. ಎಂ. ಜೋಶಿಯವರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ರಕ್ಷಣೆಗೆ ನಿರ್ಣಯವನ್ನು ತಂದರು. 1926ರ ಕಾರ್ಮಿಕ ಸಂಘಗಳ ಕಾಯಿದೆಯ 18ನೆಯ ಕಲಮು ನೋಂದಾಯಿತ ಸಂಘಗಳಿಗೆ ಅಂತಹ ದಾವೆಗಳಿಂದ ರಕ್ಷಣೆ ಕೊಟ್ಟಿತು. ಅಷ್ಟರಲ್ಲಿ ವಾಡಿಯಾ ಅವರು ಅಡಿಯಾರನ್ನೂ ಬಿಟ್ಟಾಗಿತ್ತು. 1958ರ ಆಗಸ್ಟ್ 20ರಂದು ಅವರು ಬೆಂಗಳೂರಿನಲ್ಲಿಯೇ ದೇಹವಿಟ್ಟರು. ಬಸವನಗುಡಿಯ ಆ ಪುಸ್ತಕ ಭಂಡಾರದ ಮುಂದಿನ ರಸ್ತೆಗೆ ಅವರ ಹೆಸರಿದೆ.