ಹಾಸಿಗೆಯನ್ನೇ ಉದ್ದ ಮಾಡುವ ಜಾಣತನ: ಫುಟ್‌ಬಾಲ್ ಕ್ಲಬ್‌ಗಳ ಖರ್ಚು ಮತ್ತು ಪ್ರಾಯೋಜಕತ್ವ

ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಖರ್ಚಿಗೆ ಇಡೀ ಖಂಡಕ್ಕೆ ಅನ್ವಯಿಸುವ ನಿಯಮ ಬಂದು ಇನ್ನೂ ಎರಡು ದಶಕ ತುಂಬಿಲ್ಲ. ಅದಕ್ಕೂ ಮೊದಲು ಸಾಲ ಮಾಡಿಯಾದರೂ ಒಳ್ಳೆಯ ಆಟಗಾರರನ್ನು ಕೊಳ್ಳುವುದು, ಗೆದ್ದರೆ ಹಣ ತಾನಾಗಿ ಬರುತ್ತದೆಂದು ನಂಬುವುದು ಹಲವು ಕ್ಲಬ್‌ಗಳ ರೂಢಿಯಾಗಿತ್ತು. ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ 2001ರಲ್ಲಿ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ತಲುಪಿತ್ತು. ಸಾಲದ ಹೊರೆ ತಾಳಲಾರದೆ ಆಟಗಾರರನ್ನು ಒಬ್ಬೊಬ್ಬರಾಗಿ ಮಾರಿದ ಆ ಕ್ಲಬ್ 2004ರಲ್ಲಿ ಪ್ರೀಮಿಯರ್ ಲೀಗ್‌ನಿಂದಲೇ ಕೆಳಗಿಳಿಯಿತು. 2008ರಲ್ಲಿ ಎಫ್‌ಎ ಕಪ್ ಗೆದ್ದ ಪೋರ್ಟ್ಸ್‌ಮತ್ ಎರಡೇ ವರ್ಷಗಳಲ್ಲಿ ದಿವಾಳಿಯ ಅಂಚಿಗೆ ಬಂತು. 2011ರ ಲೆಕ್ಕ ನೋಡಿದಾಗ ಯುರೋಪಿನ ಪ್ರಥಮ ದರ್ಜೆಯ ಕ್ಲಬ್‌ಗಳ ಒಟ್ಟು ನಷ್ಟ ಸುಮಾರು 170 ಕೋಟಿ ಯುರೋ ಆಗಿತ್ತು.

ಈ ಹಿನ್ನೆಲೆಯಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ, ಮಿಶೆಲ್ ಪ್ಲಾಟಿನಿ ಅಧ್ಯಕ್ಷರಾಗಿದ್ದಾಗ ‘ಫೈನಾನ್ಷಿಯಲ್ ಫೇರ್ ಪ್ಲೇ’ ನಿಯಮಗಳನ್ನು ರೂಪಿಸಿತು. ತಿರುಳು ಸರಳ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಟಿಕೆಟ್ ಮಾರಾಟ, ಟಿವಿ ಹಕ್ಕು, ಜಾಹೀರಾತು, ಬಹುಮಾನ, ಆಟಗಾರರ ಮಾರಾಟ ಇವುಗಳಿಂದ ಬಂದ ವರಮಾನದೊಳಗೆ ಸಂಬಳ ಮತ್ತು ಖರೀದಿಯ ವೆಚ್ಚ ಅಡಗಬೇಕು. ಮಾಲೀಕರು ಬಂಡವಾಳ ತುಂಬಿಕೊಟ್ಟರೆ ಮೊದಲ ಎರಡು ಋತುಗಳಿಗೆ 4.5 ಕೋಟಿ ಯುರೋ, ಆಮೇಲೆ ಮೂರು ಋತುಗಳಿಗೆ 3 ಕೋಟಿ ಯುರೋ ನಷ್ಟಕ್ಕೆ ವಿನಾಯಿತಿ ಇತ್ತು. ಕ್ರೀಡಾಂಗಣ ನಿರ್ಮಾಣ, ಎಳೆಯರ ತರಬೇತಿ ಮುಂತಾದವನ್ನು ಲೆಕ್ಕದಿಂದ ಹೊರಗಿಟ್ಟರು. ಅಂಥ ಖರ್ಚು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭಾವನೆಯಿಂದ.

ಐಪಿಎಲ್ ನೋಡುವವರಿಗೆ ಇಲ್ಲೊಂದು ವ್ಯತ್ಯಾಸ ಕಾಣುತ್ತದೆ. 2025ರ ಋತುವಿನ ಹರಾಜಿನಲ್ಲಿ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಯ ಒಂದೇ ಮಿತಿ ಇತ್ತು. ಯುರೋಪಿನಲ್ಲಿ ಹಾಗಿಲ್ಲ; ಹೆಚ್ಚು ಗಳಿಸುವ ಕ್ಲಬ್ ಹೆಚ್ಚು ಖರ್ಚು ಮಾಡಬಹುದು. ಹೀಗಾಗಿ ಹೆಚ್ಚು ಖರ್ಚು ಮಾಡಬೇಕೆನ್ನುವವರಿಗೆ ಉಳಿಯುವ ದಾರಿ, ವರಮಾನವನ್ನು ಹೆಚ್ಚಾಗಿ ತೋರಿಸುವುದು. ಕಾಲು ಮಡಚುವ ಬದಲು ಹಾಸಿಗೆಯನ್ನೇ ಉದ್ದ ಮಾಡುವ ಈ ಆಟಕ್ಕೆ ಒದಗಿಬಂದದ್ದು ಪ್ರಾಯೋಜಕತ್ವ.

ಟಿಕೆಟಿನ ಬೆಲೆ ಎಲ್ಲರಿಗೂ ಗೊತ್ತಿರುತ್ತದೆ, ಟಿವಿ ಹಕ್ಕಿನ ಹಣವನ್ನು ಲೀಗ್ ಹಂಚುತ್ತದೆ. ಆದರೆ ಜೆರ್ಸಿಯ ಮೇಲಿನ ಒಂದು ಹೆಸರಿಗೆ ಎಷ್ಟು ಬೆಲೆ ಎಂಬುದು ಕೊಡುವವರ, ಕೊಳ್ಳುವವರ ನಡುವಿನ ಮಾತು. ಇಬ್ಬರೂ ಒಂದೇ ಮನೆಯವರಾದರೆ ಮಾಲೀಕರ ಬಲಗೈ ಹಣ ಎಡಗೈಗೆ ಬಂದು ‘ವರಮಾನ’ ಎನಿಸಿಕೊಳ್ಳುತ್ತದೆ. ಇದನ್ನು ತಡೆಯಲು ಯುಇಎಫ್‌ಎ ಮೊದಲಿನಿಂದಲೇ ಒಂದು ಷರತ್ತು ಹಾಕಿತ್ತು: ಮಾಲೀಕರಿಗೆ ಸಂಬಂಧಪಟ್ಟ ಸಂಸ್ಥೆ ಪ್ರಾಯೋಜಕನಾದರೆ ಒಪ್ಪಂದದ ಮೊತ್ತವಲ್ಲ, ಅದರ ಮಾರುಕಟ್ಟೆ ಮೌಲ್ಯ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸಂಬಂಧ ಇದೆಯೇ, ನ್ಯಾಯಬೆಲೆ ಎಷ್ಟು ಎಂಬ ಎರಡು ಪ್ರಶ್ನೆಗಳ ಸುತ್ತಲೇ ಮುಂದಿನ ಜಗಳಗಳೆಲ್ಲ ನಡೆದವು.

ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೈನ್ ಕ್ಲಬ್ಬನ್ನು 2011ರಲ್ಲಿ ಕತಾರ್ ಸ್ಪೋರ್ಟ್ಸ್ ಇನ್ವೆಸ್ಟ್‌ಮೆಂಟ್ಸ್ ಕೊಂಡಿತು. ಆಮೇಲೆ ಕತಾರ್ ಪ್ರವಾಸೋದ್ಯಮ ಪ್ರಾಧಿಕಾರ ಅದರ ಪ್ರಾಯೋಜಕನಾಯಿತು. ಒಪ್ಪಂದದ ಮೊತ್ತ ವರ್ಷಕ್ಕೆ 20 ಕೋಟಿ ಯುರೋವರೆಗೆ ಎಂದು ವರದಿಯಾಯಿತು. ವಿಶೇಷವೆಂದರೆ ಜೆರ್ಸಿಯ ಮೇಲಿದ್ದ ಹೆಸರು ಎಮಿರೇಟ್ಸ್ ವಿಮಾನ ಸಂಸ್ಥೆಯದು. ಅಷ್ಟು ಕೊಟ್ಟ ಪ್ರಾಧಿಕಾರದ ಹೆಸರು ಅಲ್ಲಿರಲಿಲ್ಲ. ಯುಇಎಫ್‌ಎ ಈ ಒಪ್ಪಂದದ ಮೌಲ್ಯವನ್ನು ಬಹಳ ತಗ್ಗಿಸಿ ಲೆಕ್ಕ ಹಾಕಿತು. 2014ರ ಮೇ ತಿಂಗಳಲ್ಲಿ ಕ್ಲಬ್ 6 ಕೋಟಿ ಯುರೋ ದಂಡಕ್ಕೆ ಒಪ್ಪಿಕೊಂಡಿತು. ಆದರೆ ಅದರಲ್ಲಿ 4 ಕೋಟಿ, ಷರತ್ತು ಪಾಲಿಸಿದರೆ ಕಟ್ಟಬೇಕಿಲ್ಲದ ಹಣ. ಮೂರು ವರ್ಷಗಳ ಬಳಿಕ ಅದೇ ಕ್ಲಬ್ ನೇಮಾರ್‌ಗಾಗಿ 22.2 ಕೋಟಿ ಯುರೋ ಕೊಟ್ಟು ವಿಶ್ವದಾಖಲೆ ಮಾಡಿತು.

2014ರಲ್ಲಿ ಅಷ್ಟೇ ದಂಡ ಬಿದ್ದ ಇನ್ನೊಂದು ಕ್ಲಬ್ ಮ್ಯಾಂಚೆಸ್ಟರ್ ಸಿಟಿ. 2008ರಿಂದ ಅದರ ಒಡೆತನ ಅಬುಧಾಬಿಯ ಶೇಖ್ ಮನ್ಸೂರ್ ಅವರದು. ಜೆರ್ಸಿ ಮತ್ತು ಕ್ರೀಡಾಂಗಣದ ಮೇಲಿನ ಹೆಸರು ಅಬುಧಾಬಿಯದೇ ಆದ ಎತಿಹಾದ್ ವಿಮಾನ ಸಂಸ್ಥೆಯದು. ಸೋರಿಕೆಯಾದ ಇಮೇಲ್‌ಗಳನ್ನು ಜರ್ಮನಿಯ ‘ಡೆರ್ ಸ್ಪೀಗೆಲ್’ ಪತ್ರಿಕೆ 2018ರಲ್ಲಿ ಪ್ರಕಟಿಸಿತು. ಒಂದು ವರ್ಷದ 6.75 ಕೋಟಿ ಪೌಂಡ್ ಪ್ರಾಯೋಜಕತ್ವದಲ್ಲಿ ವಿಮಾನ ಸಂಸ್ಥೆಯ ಪಾಲು 80 ಲಕ್ಷ ಪೌಂಡ್ ಮಾತ್ರ, ಉಳಿದದ್ದು ಮಾಲೀಕರ ಕಡೆಯಿಂದ ಬಂದದ್ದು ಎಂಬುದು ಆರೋಪ. ಕ್ಲಬ್ ಇದನ್ನು ನಿರಾಕರಿಸುತ್ತಲೇ ಬಂದಿದೆ. ಯುಇಎಫ್‌ಎ 2020ರ ಫೆಬ್ರವರಿಯಲ್ಲಿ ತನ್ನ ಸ್ಪರ್ಧೆಗಳಿಂದ ಎರಡು ವರ್ಷದ ನಿಷೇಧ ಮತ್ತು 3 ಕೋಟಿ ಯುರೋ ದಂಡ ವಿಧಿಸಿತು. ಜುಲೈನಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ನಿಷೇಧವನ್ನು ರದ್ದುಪಡಿಸಿತು. ಆರೋಪಗಳಲ್ಲಿ ಕೆಲವು ಸಾಬೀತಾಗಿಲ್ಲ, ಕೆಲವಕ್ಕೆ ಐದು ವರ್ಷದ ಕಾಲಮಿತಿ ಮೀರಿದೆ ಎಂದಿತು; ತನಿಖೆಗೆ ಸಹಕರಿಸದ ತಪ್ಪಿಗೆ 1 ಕೋಟಿ ಯುರೋ ದಂಡ ಉಳಿಸಿತು.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2013ರಲ್ಲಿ ತನ್ನದೇ ನಿಯಮ ಮಾಡಿಕೊಂಡಿತು: ಮೂರು ವರ್ಷಗಳಲ್ಲಿ ಗರಿಷ್ಠ 10.5 ಕೋಟಿ ಪೌಂಡ್ ನಷ್ಟ. ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ 2021ರ ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್ ಕ್ಲಬ್ಬನ್ನು ಕೊಂಡಾಗ ಉಳಿದ ಕ್ಲಬ್‌ಗಳಿಗೆ ದಿಗಿಲಾಯಿತು. ಮಾಲೀಕರ ನಂಟಿನ ಸಂಸ್ಥೆಗಳ ಒಪ್ಪಂದ ಮಾರುಕಟ್ಟೆ ಬೆಲೆಗೇ ಇರಬೇಕೆಂಬ ಬಿಗಿ ನಿಯಮ ಅದೇ ಡಿಸೆಂಬರಿನಲ್ಲಿ ಬಂತು. ಮ್ಯಾಂಚೆಸ್ಟರ್ ಸಿಟಿ ಇದನ್ನು ಪ್ರಶ್ನಿಸಿತು. ಮಾಲೀಕರು ಕ್ಲಬ್ಬಿಗೆ ಬಡ್ಡಿಯಿಲ್ಲದೆ ಕೊಡುವ ಸಾಲವೂ ಒಂದು ಬಗೆಯ ನೆರವೇ ಆಗಿರುವಾಗ ಅದನ್ನು ಮಾತ್ರ ಬಿಟ್ಟದ್ದು ಸರಿಯಲ್ಲ ಎಂದು 2024ರಲ್ಲಿ ಮಧ್ಯಸ್ಥಿಕೆ ಮಂಡಳಿ ಹೇಳಿತು. ನಿಯಮ ತಿದ್ದುಪಡಿಯಾಯಿತು, 2025ರಲ್ಲಿ ಇಬ್ಬರ ನಡುವೆ ರಾಜಿಯಾಯಿತು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರೂ ಇದ್ದಾರೆ. ಆಟಗಾರನ ಖರೀದಿ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುವುದು ಪದ್ಧತಿ. ಚೆಲ್ಸಿ 2023ರಲ್ಲಿ ಎನ್ಜೊ ಫೆರ್ನಾಂಡಿಸ್‌ಗೆ ಸುಮಾರು 10.7 ಕೋಟಿ ಪೌಂಡ್ ಕೊಟ್ಟು ಎಂಟೂವರೆ ವರ್ಷದ ಒಪ್ಪಂದ ಮಾಡಿಕೊಂಡಿತು. ಐದು ವರ್ಷಕ್ಕೆ ಹಂಚಿದ್ದರೆ ವರ್ಷಕ್ಕೆ 2.1 ಕೋಟಿಗೂ ಹೆಚ್ಚು ಬೀಳುತ್ತಿದ್ದ ಖರ್ಚು ಹೀಗೆ 1.3 ಕೋಟಿಯೊಳಗೆ ಉಳಿಯಿತು. ಇದನ್ನು ಕಂಡ ಯುಇಎಫ್‌ಎ, ಆಮೇಲೆ ಪ್ರೀಮಿಯರ್ ಲೀಗ್, ಹಂಚಿಕೆಗೆ ಐದು ವರ್ಷದ ಮಿತಿ ಹಾಕಿದವು. ಅದೇ ಚೆಲ್ಸಿ ತನ್ನ ಕ್ರೀಡಾಂಗಣದ ಪಕ್ಕದ ಎರಡು ಹೋಟೆಲ್‌ಗಳನ್ನು ತನ್ನದೇ ಬಳಗದ ಕಂಪನಿಗೆ 7.65 ಕೋಟಿ ಪೌಂಡ್‌ಗೆ ಮಾರಿ ಲಾಭ ತೋರಿಸಿತು. ಪ್ರೀಮಿಯರ್ ಲೀಗ್ ಒಪ್ಪಿದ ಈ ವ್ಯವಹಾರವನ್ನು ಯುಇಎಫ್‌ಎ ನಿಯಮ ಒಪ್ಪುವುದಿಲ್ಲ.

ಯುಇಎಫ್‌ಎ 2022ರಲ್ಲಿ ನಿಯಮಗಳನ್ನು ಹೊಸದಾಗಿ ಬರೆಯಿತು. ಈಗ ಸಂಬಳ, ಖರೀದಿ ಮತ್ತು ಏಜೆಂಟರ ಶುಲ್ಕ ಸೇರಿ ವರಮಾನದ ಇಂತಿಷ್ಟು ಪಾಲನ್ನು ಮೀರುವಂತಿಲ್ಲ. 2023-24ರಲ್ಲಿ ಶೇ 90, ಮರುವರ್ಷ ಶೇ 80, 2025-26ರಿಂದ ಶೇ 70 ಎಂದು ಮಿತಿ ಇಳಿಯಿತು. ಆದರೆ ಇಲ್ಲಿಯೂ ಅಳತೆಗೋಲು ವರಮಾನವೇ. ಹಾಗಾಗಿ ಪ್ರಾಯೋಜಕತ್ವದ ಪ್ರಶ್ನೆ ಹಾಗೇ ಉಳಿಯಿತು. ಈಗಾಗಲೇ ಶ್ರೀಮಂತವಾಗಿರುವ ಹಳೆಯ ಕ್ಲಬ್‌ಗಳಿಗೆ ಈ ಪದ್ಧತಿ ರಕ್ಷಾಕವಚ, ಹೊಸಬರು ಮೇಲೇಳಲು ಅಡ್ಡಗಾಲು ಎಂಬ ಟೀಕೆಯಲ್ಲಿಯೂ ಹುರುಳಿದೆ.

ನಿಯಮದ ಬಲ ಕೊನೆಗೆ ತಿಳಿಯುವುದು ಶಿಕ್ಷೆಯಲ್ಲಿ. ಪ್ರೀಮಿಯರ್ ಲೀಗ್‌ನ ನಷ್ಟದ ಮಿತಿಯನ್ನು 1.95 ಕೋಟಿ ಪೌಂಡ್ ಮೀರಿದ್ದಕ್ಕೆ ಎವರ್ಟನ್ 2023ರ ನವೆಂಬರಿನಲ್ಲಿ 10 ಅಂಕ ಕಳೆದುಕೊಂಡಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ 2024ರ ಮಾರ್ಚಿನಲ್ಲಿ 4 ಅಂಕ ಕಳೆದುಕೊಂಡಿತು. ಆ ಎರಡೂ ಕ್ಲಬ್‌ಗಳ ಲೆಕ್ಕಪತ್ರದಲ್ಲೇ ನಷ್ಟ ಕಣ್ಣಿಗೆ ಕಾಣುತ್ತಿತ್ತು. ಮ್ಯಾಂಚೆಸ್ಟರ್ ಸಿಟಿಯ ಮೇಲೆ ಪ್ರೀಮಿಯರ್ ಲೀಗ್ ನೂರಕ್ಕೂ ಹೆಚ್ಚು ಆರೋಪ ಹೊರಿಸಿದ್ದು 2023ರ ಫೆಬ್ರವರಿಯಲ್ಲಿ, ವಿಚಾರಣೆ ಆರಂಭವಾದದ್ದು 2024ರ ಸೆಪ್ಟೆಂಬರಿನಲ್ಲಿ. ನಷ್ಟವನ್ನು ಎಣಿಸುವುದು ಸುಲಭ. ವರಮಾನ ಯಾರ ಜೇಬಿನಿಂದ ಬಂತೆಂದು ಸಾಬೀತುಪಡಿಸುವುದು ಕಷ್ಟ. ಆ ಕೆಲಸಕ್ಕೆ ಬೇಕಾದ ಅಧಿಕಾರ ಮತ್ತು ವೇಗ ತನಿಖೆ ಮಾಡುವವರಿಗೆ ದಕ್ಕದಿದ್ದರೆ ಖರ್ಚಿನ ನಿಯಮ ನಿಜವಾಗಿ ಕಟ್ಟಿಹಾಕುವುದು ಬಡ ಕ್ಲಬ್‌ಗಳನ್ನು ಮಾತ್ರ.