ಕೋಲ್ಡ್ ರೂಮಿನ ಪುಟ್ಟ ಮೋಟಾರು ನಿಂತ ರಾತ್ರಿ

ಎರಡು ವರ್ಷದ ಹಿಂದಿನ ಏಪ್ರಿಲ್. ಶುಕ್ರವಾರ ಸಂಜೆ ಕೊಯ್ದ ಪಾಲಕ್, ಕೊತ್ತಂಬರಿ, ಲೆಟ್ಯೂಸ್ ಎಲ್ಲ ಸೇರಿ 140 ಕೆಜಿಯಷ್ಟು ಸೊಪ್ಪನ್ನು ಕ್ರೇಟುಗಳಿಗೆ ತುಂಬಿ, ನಮ್ಮ ತೋಟದ ಪುಟ್ಟ ಕೋಲ್ಡ್ ರೂಮಿನಲ್ಲಿಟ್ಟು ಮಲಗಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರಿಗೆ ಹೊರಡಲು ಬಾಗಿಲು ತೆಗೆದರೆ ಒಳಗೆ 5 ಡಿಗ್ರಿ ಇರಬೇಕಾದ ಕಡೆ 19 ಡಿಗ್ರಿ! ಹೊರಗೆ ಕಂಪ್ರೆಸರ್ ಮಾತ್ರ ಒಂದೇ ಸಮ ಓಡ್ತಾನೇ ಇತ್ತು. ಸೊಪ್ಪು ಬಾಡಿ ಬಿಸಿಯಾಗಿತ್ತು. ಅರ್ಧಕ್ಕಿಂತ ಹೆಚ್ಚು ಕಾಂಪೋಸ್ಟ್ ಗುಂಡಿಗೆ ಹೋಯ್ತು.

ಮೆಕ್ಯಾನಿಕ್ ಬಂದವರು ಐದೇ ನಿಮಿಷದಲ್ಲಿ "ಗ್ಯಾಸ್ ಕಮ್ಮಿಯಾಗಿದೆ ಸಾರ್" ಅಂದರು. ಗ್ಯಾಸ್ ತುಂಬಿಸಿ ದುಡ್ಡು ತಗೊಂಡು ಹೋದರು. ಹತ್ತು ದಿನಕ್ಕೆ ಕಂಪ್ರೆಸರೇ ಸುಟ್ಟು ಹೋಯ್ತು. ಆಮೇಲೆ ಬಂದ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಒಳಗೆ ಬಂದು, ಮೇನ್ ಆಫ್ ಮಾಡಿಸಿ, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಮೂರು ಫ್ಯಾನುಗಳಲ್ಲಿ ಎರಡು ಬಿಗಿಯಾಗಿದ್ದವು. "ನಿಮ್ ಗ್ಯಾಸ್ ಸರಿಯಾಗೇ ಇತ್ತು ಸಾರ್. ಈ ಚಿಕ್ಕ ಮೋಟಾರು ಸತ್ತು ದೊಡ್ಡದನ್ನ ಸಾಯಿಸಿದೆ" ಅಂದರು.

ತೋಟಗಾರಿಕೆ ಪದವಿಯಲ್ಲಿ ಕೊಯ್ಲೋತ್ತರ ಶರೀರಕ್ರಿಯೆ ಓದಿದ್ದೆ, ಸೊಪ್ಪಿನ ಉಸಿರಾಟದ ದರ ಬಾಯಿಪಾಠ ಇತ್ತು. ಮೋಟಾರಿನ ಬಗ್ಗೆ ಮಾತ್ರ ಸೊನ್ನೆ. ಈ ನಷ್ಟದ ಮೇಲೆ ಕಲಿತದ್ದನ್ನು ನಿಮಗೂ ಹೇಳಿಬಿಡ್ತೀನಿ.

ಮೊದಲು ಒಳಗಿನ ಫ್ಯಾನು. ತಣ್ಣನೆಯ ಕಾಯಿಲ್ ಮೇಲೆ ಗಾಳಿ ಹಾಯಿಸಿ ಕೋಣೆಯಲ್ಲೆಲ್ಲ ಹರಡುವ ಕೆಲಸ ಇದರದ್ದು. ಹಳೆಯ ಹಾಗೂ ಅಗ್ಗದ ಕೋಲ್ಡ್ ರೂಮುಗಳಲ್ಲಿ ಇರೋದು ಹೆಚ್ಚಾಗಿ ಶೇಡೆಡ್ ಪೋಲ್ ಮೋಟಾರು. ಬಿಚ್ಚಿ ನೋಡಿದರೆ ಕಬ್ಬಿಣದ ಪೋಲಿನ ಒಂದು ಮೂಲೆಗೆ ದಪ್ಪ ತಾಮ್ರದ ಬಳೆ ತೊಡಿಸಿರ್ತಾರೆ. ಆ ಬಳೆ ಇರುವ ಭಾಗದಲ್ಲಿ ಕಾಂತಶಕ್ತಿ ಸ್ವಲ್ಪ ತಡವಾಗಿ ಏರುತ್ತೆ. ಆ ತಡದಿಂದಲೇ ರೋಟರ್ ಒಂದು ದಿಕ್ಕಿಗೆ ತಿರುಗೋದು. ಕೆಪಾಸಿಟರ್ ಇಲ್ಲ, ಸ್ವಿಚ್ ಇಲ್ಲ, ಬಹಳ ಸರಳ. ಆದರೆ ಹೊರಡುವಾಗ ಇದಕ್ಕೆ ಕಸುವೇ ಇಲ್ಲ. ಬುಷ್‌ನಲ್ಲಿ ಎಣ್ಣೆ ಒಣಗಿದರೆ, ರೆಕ್ಕೆಗೆ ಒಂಚೂರು ಐಸ್ ತಗುಲಿದರೆ ನಿಂತೇ ಬಿಡುತ್ತೆ. ನಿಂತರೂ ಎಳೆಯುವ ಕರೆಂಟು ಅಷ್ಟೇನೂ ಏರಲ್ಲ. ಹಾಗಾಗಿ ಎಂಸಿಬಿ ಬೀಳಲ್ಲ, ಸುಟ್ಟ ವಾಸನೆಯೂ ಬರಲ್ಲ. ಗುಂಯ್ ಅಂತ ಸದ್ದು ಮಾಡ್ತಾ ಬಿಸಿಯಾಗಿ ಕೂತಿರುತ್ತೆ. ನನಗೆ ರಾತ್ರಿಯೆಲ್ಲ ಗೊತ್ತಾಗದೇ ಇದ್ದದ್ದು ಇದಕ್ಕೇ.

ಗಾಳಿ ಆಡದಿದ್ದರೆ ಕಾಯಿಲ್ ಮೇಲೆ ಐಸ್ ಕಟ್ಟಿ ಗೋಡೆಯಾಗುತ್ತೆ. ಒಳಗಿನ ಗ್ಯಾಸಿಗೆ ಬಿಸಿ ಸಿಗದೆ ಅದು ಆವಿಯಾಗದೆ, ದ್ರವವಾಗಿಯೇ ಕಂಪ್ರೆಸರಿಗೆ ವಾಪಸ್ ಬರುತ್ತೆ. ಬಂದದ್ದು ಎಣ್ಣೆಯನ್ನು ತೆಳ್ಳಗೆ ಮಾಡುತ್ತೆ, ಬೇರಿಂಗ್ ಸವೆಯುತ್ತೆ. ಅದರ ಮೇಲೆ ಬೇಡದ ಗ್ಯಾಸ್ ಬೇರೆ ತುಂಬಿಸಿದ್ದೆವು!

ಕಂಪ್ರೆಸರ್ ಅಂದರೆ ನಮ್ಮ ಬೋರ್‌ವೆಲ್ ಮೋಟಾರಿನ ಹತ್ತಿರದ ಸಂಬಂಧಿ ಅಂದ್ಕೊಳ್ಳಿ. ಸಬ್‌ಮರ್ಸಿಬಲ್ ಮೋಟಾರಿಗೆ ನೀರು ತಂಪು ಕೊಟ್ಟ ಹಾಗೆ, ಕಪ್ಪು ಡಬ್ಬಿಯೊಳಗೆ ಮುಚ್ಚಿಟ್ಟ ಈ ಮೋಟಾರಿಗೆ ವಾಪಸ್ ಬರುವ ತಣ್ಣನೆ ಗ್ಯಾಸೇ ತಂಪು. ಒಳಗೆ ಎರಡು ವೈಂಡಿಂಗ್ ಇರುತ್ತೆ. ದಪ್ಪ ತಂತಿಯದ್ದು ಓಡಿಸೋಕೆ, ತೆಳು ತಂತಿಯದ್ದು ಹೊರಡಿಸೋಕೆ. ಸಿಂಗಲ್ ಫೇಸಿನಲ್ಲಿ ಒಂದೇ ವೈಂಡಿಂಗ್ ಇದ್ದರೆ ರೋಟರ್ ಗುಂಯ್‌ಗುಟ್ಟುತ್ತೆ, ತಿರುಗಲ್ಲ. ಅದಕ್ಕೇ ಎರಡನೆಯದು. ಮೋಟಾರು ವೇಗ ಹಿಡಿದ ಕೂಡಲೇ ರಿಲೇ ಆ ಹೊರಡಿಸುವ ಜೋಡಣೆಯನ್ನು ಬಿಡಿಸುತ್ತೆ. ಮನೆಯ ಫ್ರಿಜ್ಜು, ಡೀಪ್ ಫ್ರೀಜರಿನಲ್ಲಿ ಈ ಕೆಲಸಕ್ಕೆ ಬಿಲ್ಲೆಯಂಥ ಒಂದು ಪಿಟಿಸಿ ಇರುತ್ತೆ. ಕರೆಂಟು ಹರಿದ ಕೂಡಲೇ ಕಾದು ದಾರಿ ಮುಚ್ಚುತ್ತೆ, ಮತ್ತೆ ಹೊರಡಬೇಕಾದರೆ ಅದು ಆರಬೇಕು.

ಕರೆಂಟು ಹೋಗಿ ತಕ್ಷಣ ಬಂದರೆ ಅಪಾಯ ಇಲ್ಲೇ. ಪೈಪಿನೊಳಗಿನ ಒತ್ತಡ ಇನ್ನೂ ಇಳಿದಿರಲ್ಲ, ಪಿಟಿಸಿ ಆರಿರಲ್ಲ. ಮೋಟಾರು ತಿರುಗಲಾರದೆ ನಾಲ್ಕೈದು ಪಟ್ಟು ಕರೆಂಟು ಎಳೆದು ಕಾಯುತ್ತೆ. ಓವರ್‌ಲೋಡ್ ಟಕ್ ಅಂತ ಬಿಡಿಸುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಅಂತ ಕೂರುತ್ತೆ. ಈ ಟಕ್ ಟಕ್ ಕೇಳಿದರೆ ಮೊದಲು ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ. ಸ್ಟೆಬಿಲೈಜರ್ ತಗೊಳ್ಳುವಾಗ ಟೈಮ್ ಡಿಲೇ ಇರೋದನ್ನೇ ಕೇಳಿ.

ವೋಲ್ಟೇಜಿನ ಲೆಕ್ಕವೂ ಮೋಸದ್ದು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 230 ಇರಬೇಕಾದಲ್ಲಿ 180 ಬಂದರೆ ವೋಲ್ಟೇಜ್ ಇಳಿದದ್ದು ಶೇ. 22, ಆದರೆ ಬಲ ಉಳಿಯೋದು ಶೇ. 61 ಮಾತ್ರ. ಸಂಜೆ ಸುತ್ತಮುತ್ತಲ ಪಂಪ್‌ಸೆಟ್ಟುಗಳೆಲ್ಲ ಶುರುವಾದಾಗ ನಮ್ಮ ಟಿಸಿಯಲ್ಲಿ ಇದೇ ಕಥೆ. ನಾನೀಗ ಸೊಪ್ಪನ್ನು ಬೆಳಗ್ಗೆಯೇ ಕೊಯ್ದು, ವೋಲ್ಟೇಜ್ ಚೆನ್ನಾಗಿರುವಾಗಲೇ ಕೋಣೆ ತಂಪು ಮಾಡಿಕೊಳ್ತೀನಿ. ಸೊಪ್ಪಿಗೂ ಅದೇ ಒಳ್ಳೇದು.

ಫ್ಯಾನುಗಳನ್ನು ಬದಲಾಯಿಸುವಾಗ ಇಸಿ ಮೋಟಾರು ಹಾಕಿಸಿದೆ. ಬೆಲೆ ಜಾಸ್ತಿ, ನಿಜ. ಆದರೆ ಹಳೆಯದು 10 ವ್ಯಾಟ್ ಕೆಲಸಕ್ಕೆ 36 ವ್ಯಾಟ್ ತಿಂತಿತ್ತು, ಇದು ಸುಮಾರು 14. ಮೂರು ಫ್ಯಾನು ಹಗಲೂ ರಾತ್ರಿ ಓಡಿದರೆ ದಿನಕ್ಕೆ 2.6 ಯೂನಿಟ್ ಇದ್ದದ್ದು 1 ಯೂನಿಟ್ಟಿಗೆ ಬಂತು. ಫ್ಯಾನು ತಿಂದ ಕರೆಂಟೆಲ್ಲ ಕೊನೆಗೆ ಕೋಣೆಯೊಳಗೇ ಬಿಸಿಯಾಗುತ್ತೆ. ಅದನ್ನು ಹೊರಹಾಕಲು ಕಂಪ್ರೆಸರ್ ಮತ್ತೆ ದುಡಿಯಬೇಕಿತ್ತು. ಆ ಉಳಿತಾಯ ಬೇರೆ.

ನನ್ನ ದಿನಚರಿ ಇಷ್ಟು: ಮಲಗುವ ಮುಂಚೆ ಬಾಗಿಲು ತೆಗೆದು ಮೂರೂ ಫ್ಯಾನು ಕಣ್ಣಲ್ಲಿ ನೋಡೋದು. ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ರೆಕ್ಕೆ ಕೈಯಲ್ಲಿ ತಿರುಗಿಸೋದು, ಹೊರಗಿನ ಕಂಡೆನ್ಸರಿನ ಧೂಳು ಬ್ರಷ್‌ನಲ್ಲಿ ತೆಗೆಯೋದು. ಕೆಪಾಸಿಟರ್ ಉಬ್ಬಿದೆಯಾ ಅಂತ ದೂರದಿಂದ ನೋಡ್ತೀನಿ, ಮುಟ್ಟಲ್ಲ. ಕರೆಂಟ್ ಆರಿಸಿದ ಮೇಲೂ ಅದು ಹೊಡೆಯುತ್ತೆ, ಅದು ಮೆಕ್ಯಾನಿಕ್ ಕೆಲಸ.

ಒಂದು ಫ್ಯಾನ್ ಮೋಟಾರನ್ನು ಮನೆಯಲ್ಲಿ ಹೆಚ್ಚುವರಿಯಾಗಿ ಇಟ್ಟಿದ್ದೀನಿ. ತರುವಾಗ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ವ್ಯಾಟ್, ಆರ್‌ಪಿಎಂ ಜೊತೆಗೆ ತಿರುಗುವ ದಿಕ್ಕೂ ಹೊಂದಬೇಕು. ನಾನು ಮೊದಲು ತಂದದ್ದು ಉಲ್ಟಾ ತಿರುಗುವಂಥದ್ದು. ಫ್ಯಾನೇನೋ ಜೋರಾಗಿ ಓಡ್ತಿತ್ತು, ಗಾಳಿ ಮಾತ್ರ ಗೋಡೆ ಕಡೆಗೆ ಹೋಗ್ತಿತ್ತು. ನೋಡಿ ನಕ್ಕದ್ದು ಅಪ್ಪ.