ಮೂಕಚಿತ್ರದ ತಾರೆ ಮಾತಿಗೆ ಕುಳಿತಾಗ

ರಾತ್ರಿಯ ಊಟ ಮುಗಿದು, ಮಕ್ಕಳು ಮಲಗಿ, ಹಿರಿಯರಿಗೆ ಮಾತ್ರ ಇನ್ನೂ ನಿದ್ರೆ ಬಾರದಿರುವ ಹೊತ್ತಿನಲ್ಲಿ ಅಮೆರಿಕದ ದೂರದರ್ಶನವು ಪ್ರಸಾರಮಾಡುವ ಸಲ್ಲಾಪಗೋಷ್ಠಿಯನ್ನು ಅಲ್ಲಿನ ಜನ ಟಾಕ್ ಷೋ ಎಂದು ಕರೆಯುತ್ತಾರೆ. 1954ರಲ್ಲಿ ಸ್ಟೀವ್ ಆಲನ್ ಅವರ ‘ಟುನೈಟ್’ ಕಾರ್ಯಕ್ರಮದಿಂದ ದೇಶಕ್ಕೆಲ್ಲ ರೂಢಿಯಾದ ಈ ಗೋಷ್ಠಿಗೆ ಬೇಕಾದ ಸಲಕರಣೆ ಅತ್ಯಲ್ಪ: ಒಂದು ಮೇಜು, ನಾಲ್ಕಾರು ಕುರ್ಚಿ, ಒಂದು ವಾದ್ಯವೃಂದ, ನಗುವುದಕ್ಕೆ ಸಿದ್ಧರಾಗಿಯೇ ಬಂದು ಕುಳಿತ ಸಭಿಕರು. ಹೊಸ ಚಿತ್ರವನ್ನೋ ಹೊಸ ಪುಸ್ತಕವನ್ನೋ ಮಾರುವ ಉದ್ದೇಶದಿಂದ ಬಂದವರೇ ಅಲ್ಲಿ ಹೆಚ್ಚು. ಆದರೂ, ಅರ್ಧಶತಮಾನದ ಹಿಂದೆ ಒಂದು ಕಲೆ ಹುಟ್ಟುತ್ತಿದ್ದಾಗ ಅದರ ಅಂಗಳದಲ್ಲಿ ಓಡಾಡಿದವರು ಆ ಕುರ್ಚಿಗಳಲ್ಲಿ ಕುಳಿತು ಸಾವಧಾನವಾಗಿ ಮಾತನಾಡಿದ ರಾತ್ರಿಗಳೂ ಉಂಟು.

ಡಿಕ್ ಕ್ಯಾವೆಟ್ ಅವರ ಗೋಷ್ಠಿಯಲ್ಲಿ ಇಂಥ ಸಂದರ್ಭಗಳು ವಿಚಿತ್ರವಾಗಿಯೇ ಒದಗುತ್ತಿದ್ದವು. 1970ರಲ್ಲಿ ಮೂಕಚಿತ್ರಗಳ ಮಹಾರಾಣಿ ಗ್ಲೋರಿಯಾ ಸ್ವಾನ್ಸನ್ ಅಲ್ಲಿ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಅವರ ಜೊತೆಗೆ ಕುಳಿತಿದ್ದರು. ಆ ಕಾಲದ್ದೇ ಮತ್ತೊಂದು ಸಂಚಿಕೆಯಲ್ಲಿ, ಚಿತ್ರಕಾರ ಸಾಲ್ವಡಾರ್ ಡಾಲಿ ಇರುವೆ ತಿನ್ನುವ ಉದ್ದಮೂತಿಯ ಪ್ರಾಣಿಯೊಂದನ್ನು ಹಗ್ಗ ಕಟ್ಟಿ ಹಿಡಿದುಕೊಂಡು ರಂಗವನ್ನು ಪ್ರವೇಶಿಸಿ, ಅಲ್ಲಿ ಕುಳಿತಿದ್ದ ವೃದ್ಧ ಮಹಿಳೆಯೊಬ್ಬರ ಮಡಿಲಿಗೆ ಅದನ್ನು ಹಾಕಿಬಿಟ್ಟರು. ಆ ಮಹಿಳೆ ಮೂಕಚಿತ್ರಗಳ ತಾರೆ ಲಿಲಿಯನ್ ಗಿಶ್. ಹಿಮಪ್ರವಾಹದಲ್ಲಿಯೂ ಮರುಭೂಮಿಯ ಬಿರುಗಾಳಿಯಲ್ಲಿಯೂ ಕೆಲಸ ಮಾಡಿ ಬಂದಿದ್ದವರಿಗೆ ಇದೊಂದು ದೊಡ್ಡ ಉಪದ್ರವವಾಗಿ ಕಂಡಿರಲಾರದು.

1893ರಲ್ಲಿ ಓಹಾಯೊ ಸಂಸ್ಥಾನದಲ್ಲಿ ಜನಿಸಿದ ಗಿಶ್, ಬಾಲ್ಯದಿಂದಲೇ ಊರೂರು ತಿರುಗುವ ನಾಟಕ ಮಂಡಳಿಗಳಲ್ಲಿ ಬೆಳೆದವರು. ಅವರ ನೆನಪಿನ ಹಾಲಿವುಡ್ ಆರಂಭವಾಗುವುದು ಹಾಲಿವುಡ್ಡಿನಲ್ಲಲ್ಲ, ನ್ಯೂಯಾರ್ಕಿನ ಹದಿನಾಲ್ಕನೆಯ ಬೀದಿಯ ಒಂದು ಹಳೆಯ ಮನೆಯಲ್ಲಿ. ಬಯೋಗ್ರಾಫ್ ಕಂಪನಿ ತನ್ನ ನಟನಟಿಯರ ಹೆಸರನ್ನು ತೆರೆಯ ಮೇಲೆ ತೋರಿಸದಿದ್ದ ಆ ದಿನಗಳಲ್ಲಿ, ಯಾವುದೋ ಚಿತ್ರದಲ್ಲಿ ತಮ್ಮ ಬಾಲ್ಯಸಖಿ ಗ್ಲಾಡಿಸ್ ಸ್ಮಿತ್‌ಳ ಮುಖವನ್ನು ಗುರುತಿಸಿದ ಗಿಶ್ ಸೋದರಿಯರು ಅವಳನ್ನು ಕಾಣಲೆಂದು 1912ರಲ್ಲಿ ಅಲ್ಲಿಗೆ ಹೋದರು. ಗ್ಲಾಡಿಸ್ ಆ ವೇಳೆಗಾಗಲೇ ಮೇರಿ ಪಿಕ್‌ಫರ್ಡ್ ಆಗಿದ್ದಳು. ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್ ಅಕ್ಕನಿಗೆ ನೀಲಿ, ತಂಗಿ ಡೊರೊತಿಗೆ ಕೆಂಪು ರಿಬ್ಬನ್ ಕಟ್ಟಿಸಿ, ಪಿಸ್ತೂಲು ಹಿಡಿದು ಅವರಿಬ್ಬರನ್ನೂ ಕೋಣೆಯ ಸುತ್ತ ಅಟ್ಟಾಡಿಸಿ, ಛಾವಣಿಗೆ ಗುಂಡು ಹಾರಿಸಿ ಅವರ ಭಯ ನೈಜವಾಗಿ ಮೂಡುವುದೋ ಇಲ್ಲವೋ ಎಂದು ಪರೀಕ್ಷಿಸಿದರಂತೆ. ಈ ಕಥೆಯನ್ನು ಗಿಶ್ ಜೀವನಪೂರ್ತಿ ಹೇಳಿದರು. ಹರಿಕಥೆಯ ದಾಸರ ಪೀಠಿಕೆಯಂತೆ ಅದು ಹೇಳಿ ಹೇಳಿ ನಯವಾಗಿತ್ತು.

ಚಿತ್ರೋದ್ಯಮವು ಪಶ್ಚಿಮದ ಕಡಲತೀರಕ್ಕೆ ಗುಳೆಹೋದುದಕ್ಕೆ ಮುಖ್ಯ ಕಾರಣ ಬಿಸಿಲು. ವಿದ್ಯುದ್ದೀಪಗಳಿಗಿಂತ ಸೂರ್ಯನನ್ನೇ ಹೆಚ್ಚಾಗಿ ನೆಚ್ಚಿದ್ದ ಕಂಪನಿಗಳು ಚಳಿಗಾಲದಲ್ಲಿ ಲಾಸ್ ಏಂಜಲೀಸಿಗೆ ಹೋಗಿ, ಮೇಲ್ಛಾವಣಿಯಿಲ್ಲದ ಮರದ ಅಟ್ಟಣೆಯ ಮೇಲೆ ಮೂರೇ ಗೋಡೆಯ ಕೋಣೆಗಳನ್ನು ಕಟ್ಟಿ, ಪ್ರಖರ ಬೆಳಕನ್ನು ಸೋಸಲು ಮೇಲೆ ತೆಳುವಾದ ಮಸ್ಲಿನ್ ಬಟ್ಟೆಯನ್ನು ಹರಡಿ ಚಿತ್ರ ತೆಗೆಯುತ್ತಿದ್ದವು. ಅಂದಿನ ಫಿಲಮ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲವಾದುದರಿಂದ ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗುತ್ತಿತ್ತು, ನೀಲಿ ಕಣ್ಣು ಬಿಳಿಚಿಕೊಳ್ಳುತ್ತಿತ್ತು. ಕ್ಯಾಮೆರಾಕ್ಕೆ ಯಂತ್ರದ ಚಾಲನೆ ಇರಲಿಲ್ಲ. ಛಾಯಾಗ್ರಾಹಕ ಬಿಲ್ಲಿ ಬಿಟ್ಜರ್ ಕೈಯಿಂದಲೇ ಹಿಡಿಕೆ ತಿರುಗಿಸುತ್ತಿದ್ದರು.

ಗಿಶ್ ಅವರ ಮಾತಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ವೈಭವದ ವರ್ಣನೆಯಲ್ಲ, ಕಾಯಕದ ವಿವರ. 1920ರ ‘ವೇ ಡೌನ್ ಈಸ್ಟ್’ ಚಿತ್ರದಲ್ಲಿ, ಮನೆಯಿಂದ ಹೊರದೂಡಲ್ಪಟ್ಟ ನಾಯಿಕೆ ಮೂರ್ಛೆಹೋಗಿ ಹಿಮಗಡ್ಡೆಯೊಂದರ ಮೇಲೆ ಬಿದ್ದು ನದಿಯಲ್ಲಿ ತೇಲಿಹೋಗುವ ಪ್ರಸಂಗವಿದೆ. ಅದನ್ನು ವರ್ಮಾಂಟ್ ಸಂಸ್ಥಾನದ ನದಿಯಲ್ಲಿ, ನಿಜವಾದ ಹಿಮಗಡ್ಡೆಗಳ ಮೇಲೆ, ಬದಲಿ ನಟಿಯ ನೆರವಿಲ್ಲದೆ ತೆಗೆದರು. ಒಂದು ಕೈಯನ್ನೂ ಬಿಚ್ಚಿದ ಕೂದಲನ್ನೂ ನೀರಿನಲ್ಲಿ ಇಳಿಬಿಟ್ಟರೆ ದೃಶ್ಯ ಇನ್ನೂ ಚೆನ್ನಾಗಿರುತ್ತದೆ ಎಂಬ ಸಲಹೆ ಗಿಶ್ ಅವರದೇ. ಕೂದಲು ಹೆಪ್ಪುಗಟ್ಟಿತು, ಕೈಯ ಬೆರಳುಗಳು ಮುಂದೆ ಬಹುಕಾಲ ಆ ನೋವನ್ನು ಮರೆಯಲಿಲ್ಲ. ‘ಲಾ ಬೊಹೆಮ್’ ಚಿತ್ರದ ಮರಣದೃಶ್ಯಕ್ಕಾಗಿ ಮೂರು ದಿನ ದ್ರವಪದಾರ್ಥವನ್ನೇ ಮುಟ್ಟದೆ ತುಟಿ ಒಣಗಿಸಿಕೊಂಡು ಬಂದರೆಂದೂ, ಉಸಿರು ಬಿಗಿಹಿಡಿದು ಮಲಗಿದಾಗ ಆಕೆ ನಿಜವಾಗಿಯೇ ಸತ್ತರೆಂದು ತಾವು ಹೆದರಿದೆವೆಂದೂ ನಿರ್ದೇಶಕ ಕಿಂಗ್ ವಿಡೋರ್ ಹೇಳಿದ್ದುಂಟು. 1928ರ ‘ದಿ ವಿಂಡ್’ ಚಿತ್ರಕ್ಕೆ ಮೊಹಾವಿ ಮರುಭೂಮಿಯ ಸುಡುಬಿಸಿಲಿನಲ್ಲಿ ಎಂಟು ವಿಮಾನ ಎಂಜಿನ್ನುಗಳನ್ನು ನಿಲ್ಲಿಸಿ ಮರಳನ್ನು ಆಕೆಯ ಮುಖಕ್ಕೆ ತೂರಿದರು.

ಹೀಗೆಂದು ಆಕೆ ಹೇಳಿದುದೆಲ್ಲವನ್ನೂ ಪ್ರಮಾಣವೆಂದು ಸ್ವೀಕರಿಸಬೇಕಾಗಿಲ್ಲ. ತಮ್ಮ ಜನ್ಮವರ್ಷವನ್ನು 1896 ಎಂದು ಹೇಳಿಕೊಂಡು ಮೂರು ವರ್ಷ ಉಳಿಸಿಕೊಂಡವರು ಅವರು; ಅದು ನಟಿಯರ ಜನ್ಮಸಿದ್ಧ ಹಕ್ಕೆಂದು ಬಿಟ್ಟುಬಿಡೋಣ. ಕಷ್ಟದ ಪ್ರಶ್ನೆ ಬೇರೆಯದು. ಮುಪ್ಪಿನಲ್ಲಿಯೂ ‘ಮಿಸ್ಟರ್ ಗ್ರಿಫಿತ್’ ಎಂದಲ್ಲದೆ ಬೇರೆ ರೀತಿಯಲ್ಲಿ ಗುರುವನ್ನು ಹೆಸರಿಸದಿದ್ದ ಗಿಶ್, ಕು ಕ್ಲಕ್ಸ್ ಕ್ಲಾನ್ ಎಂಬ ಹಿಂಸಾಪರ ಕೂಟವನ್ನು ವೀರರಂತೆ ಚಿತ್ರಿಸಿದ ಗ್ರಿಫಿತ್ ಅವರ 1915ರ ‘ದಿ ಬರ್ತ್ ಆಫ್ ಎ ನೇಷನ್’ ಚಿತ್ರದ ವಿಷಯದಲ್ಲಿಯೂ ಅವರ ಪಕ್ಷವನ್ನು ಬಿಡಲಿಲ್ಲ. ಕರಿಯ ಜನಾಂಗದವರು ಆ ಚಿತ್ರವನ್ನು ಅಂದೇ ಪ್ರತಿಭಟಿಸಿದ್ದರು. ಓಹಾಯೊದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾನಿಲಯವು ತನ್ನ ಚಿತ್ರಮಂದಿರಕ್ಕೆ ಇಟ್ಟಿದ್ದ ಗಿಶ್ ಹೆಸರನ್ನು 2019ರಲ್ಲಿ ತೆಗೆದುದು ಆ ಚಿತ್ರದಲ್ಲಿ ಅವರು ನಟಿಸಿದ್ದ ಕಾರಣದಿಂದಲೇ. ಕೃತಜ್ಞತೆ ದೊಡ್ಡ ಗುಣವಾದರೂ ಸಾಕ್ಷಿಯ ಕಣ್ಣಿಗೆ ಅದು ಪೊರೆ ಕಟ್ಟುವುದುಂಟು.

ಆದಾಗ್ಯೂ ಆ ಸಾಕ್ಷ್ಯವಿಲ್ಲದೆ ನಮಗೆ ಗತಿಯಿಲ್ಲ. 1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಸುಮಾರು 10,900 ಪೂರ್ಣಾವಧಿಯ ಮೂಕ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ಣವಾಗಿ ಉಳಿದಿರುವುದು ನೂರಕ್ಕೆ 14 ಮಾತ್ರ ಎಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿತು. ಬೇಗ ಹತ್ತಿಕೊಳ್ಳುವ ನೈಟ್ರೇಟ್ ಫಿಲಂ ಕೆಲವನ್ನು ಸುಟ್ಟಿತು. ಕಂಪನಿಗಳ ಔದಾಸೀನ್ಯ ಅದಕ್ಕಿಂತ ಹೆಚ್ಚನ್ನು ನುಂಗಿತು. ದೂರದರ್ಶನದವರೂ ಹಿಂದುಳಿಯಲಿಲ್ಲ: 1960ರ ದಶಕದ ‘ಟುನೈಟ್’ ಸಂಚಿಕೆಗಳ ಬಹುಪಾಲು ಟೇಪುಗಳನ್ನು ಮರುಬಳಕೆಗಾಗಿ ಒರೆಸಿಹಾಕಿದರು.

ಗಿಶ್ ನಿರ್ದೇಶಿಸಿದ ಚಿತ್ರ ಒಂದೇ, 1920ರ ‘ರೀಮಾಡೆಲಿಂಗ್ ಹರ್ ಹಸ್ಬೆಂಡ್’. ಅದೂ ಕಳೆದುಹೋದವುಗಳ ಪಟ್ಟಿಗೆ ಸೇರಿದೆ. ಅದರ ಕಥೆಯ ಬೀಜವನ್ನು ಡೊರೊತಿ ಯಾವುದೋ ವಿನೋದಪತ್ರಿಕೆಯಿಂದ ಆರಿಸಿ ತಂದಿದ್ದಳಂತೆ. ನಿನ್ನ ಕಡೆಗೆ ಬೀದಿಯಲ್ಲಿ ಯಾವ ಗಂಡಸೂ ತಿರುಗಿ ನೋಡುವುದಿಲ್ಲವೆಂದು ಗಂಡ ಮೂದಲಿಸುತ್ತಾನೆ. ಹಾಗಾದರೆ ಹಿಂದೆ ಬಂದು ನೋಡಿ ಎಂದು ಹೆಂಡತಿ ಮುಂದೆ ಹೊರಡುತ್ತಾಳೆ. ಎದುರಾದ ಪ್ರತಿಯೊಬ್ಬ ಗಂಡಸೂ ನಿಂತು, ತಿರುಗಿ, ಬೆರಗಾಗಿ ಅವಳನ್ನೇ ನೋಡುವುದನ್ನು ಕಂಡು ಗಂಡ ದಂಗಾಗುತ್ತಾನೆ. ಬೆನ್ನ ಹಿಂದೆ ನಡೆಯುತ್ತಿದ್ದ ಆತನಿಗೆ ಕಾಣದ ಸಂಗತಿಯೆಂದರೆ, ಅವಳು ಎದುರಿಗೆ ಬಂದವರಿಗೆಲ್ಲ ನಾಲಿಗೆ ಚಾಚಿ ಅಣಕಿಸುತ್ತ ಹೋಗುತ್ತಿದ್ದಳು.